ಕವಿತ ಅಂಟಿಸಿದ ‘ಬೇಡ’

ನಮ್ಮ ಶಾಲೆಗೆ ಮೊದಲ ಸಲ ಬಂದ ದಿನ ಕವಿತಳಿಗೆ ತನ್ನ ಹೆಸರು ಹೇಳುವುದೇ ಕಷ್ಟವಾಯಿತು. ‘ಕ’ ಅನ್ನುವ ಅಕ್ಷರ ಗಂಟಲಲ್ಲಿ ಸಿಕ್ಕಿಕೊಂಡು, ಕತ್ತಿನ ನರ ಉಬ್ಬಿ, ಕಣ್ಣು ಒಂದು ಕಡೆಗೆ ಹೊರಳಿತು. ನಮ್ಮ ಹೆಡ್‌ಮೇಷ್ಟ್ರು ಬೈರಣ್ಣನವರು ಒಳ್ಳೆಯ ಮನುಷ್ಯರು, ಕಷ್ಟದಲ್ಲಿರುವವರನ್ನು ನೋಡಿ ಸುಮ್ಮನಿರುವವರಲ್ಲ. “ಕಾವ್ಯಾನಾಮ್ಮಾ? ಕಲಾವತೀನಾ?” ಎಂದು ಒಂದೊಂದೇ ಹೆಸರನ್ನು ಅವಳ ಮುಂದೆ ಇಡತೊಡಗಿದರು. ಅವಳು ಅಂಗೈ ಎತ್ತಿ ಅವರನ್ನು ತಡೆದಳು.

“ಕ-ಕ-ಕವಿತ. ನನ್ ಹೆಸ್ರು ನಾನೇ ಹೇಳ್ತೀನಿ ಸಾರ್. ಸ್ವಲ್ಪ ಟೈಮಾಗುತ್ತೆ, ಅಷ್ಟೇ.”

ಟೀ ಕುಡಿಯುತ್ತಿದ್ದ ನಾವು ಮೇಷ್ಟ್ರಮ್ಮಂದಿರು ಮುಖ ಮುಖ ನೋಡಿಕೊಂಡೆವು. ಯಾಕೆಂದರೆ ಬಂದಿದ್ದವಳು ಸ್ಪೀಚ್ ಥೆರಪಿಸ್ಟ್. ಮಾತು ಬಾರದ, ಮಾತು ತಡವಾದ ಮಕ್ಕಳಿಗೆ ದಾರಿ ಮಾಡಿಕೊಡಲು ತಾಲ್ಲೂಕಿನಿಂದ ಕಳಿಸಿದವಳು. ನನ್ನ ಪಕ್ಕದಲ್ಲಿದ್ದವರು “ಕುರುಡ ಕುರುಡನ ಕೈ ಹಿಡ್ದಂಗಾಯ್ತು” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕವಿತ ತಕ್ಷಣ ಇತ್ತ ತಿರುಗಿದಳು.

“ಕಿವಿ ಚೆನ್ನಾಗೈತೆ ಮೇಡಂ ನಂಗೆ. ಉಗ್ಗು ನನ್ದು, ಕಾಯೋದು ನಿಮ್ದು. ನಿಮ್ಮ ಕೆಲ್ಸ ನೀವು ಮಾಡಿದ್ರೆ ನನ್ನ ಕೆಲ್ಸ ನಾನು ಮಾಡ್ತೀನಿ.”

ಅವತ್ತೇ ಅವಳು ನನಗೆ ಇಷ್ಟವಾದಳು. ಬಾಯಿ ಮುಚ್ಚಿಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಪ್ರೀತಿ, ಆ ಬಾಯಿ ನನ್ನದಲ್ಲದಿದ್ದರೆ.

ನಮ್ಮದು ನಂದಗುಡಿ ಹೋಬಳಿಯ ಒಂದು ಸರ್ಕಾರಿ ಶಾಲೆ. ಕವಿತ ಗುರುವಾರ ಗುರುವಾರ ಹೊಸಕೋಟೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದಳು, ಉಳಿದ ದಿನ ಬೇರೆ ಶಾಲೆಗಳು. ಮೊದಲ ವಾರ ಬೈರಣ್ಣನವರು ಏಳನೇ ಕ್ಲಾಸಿನ ಹುಡುಗಿಯರನ್ನು ಅವಳ ಮುಂದೆ ಸಾಲಾಗಿ ನಿಲ್ಲಿಸಿ, “ಆಗಸ್ಟ್ ಹದಿನೈದಕ್ಕೆ ಇವ್ರಿಗೊಂದೊಂದ್ ಭಾಷಣ ರೆಡಿ ಮಾಡ್ಸಮ್ಮ” ಅಂದರು. ಸ್ಪೀಚ್ ಅಂದರೆ ಭಾಷಣ, ಸ್ಪೀಚ್ ಮಿಸ್ ಅಂದರೆ ಭಾಷಣದ ಮಿಸ್. ಅವರ ಲೆಕ್ಕ ಸರಿಯಾಗಿಯೇ ಇತ್ತು.

“ಸಾರ್, ಭಾಷಣ ಮಾಡೋರು ಈ ತಾಲ್ಲೂಕಲ್ಲಿ ಬೇಕಾದಷ್ಟು ಜನ ಅವ್ರೆ,” ಅಂದಳು ಕವಿತ. “ನಂಗೆ ಮಾತಾಡ್ದೇ ಇರೋರನ್ನ ಕೊಡಿ.”

ಹಾಗೆ ಬಿಸಿಯೂಟದ ಅಕ್ಕಿ ಬೇಳೆ ಇಡುವ ಕೋಣೆಯಲ್ಲಿ ಅವಳಿಗೊಂದು ಮೂಲೆ ಸಿಕ್ಕಿತು. ನನ್ನ ನಾಲ್ಕನೇ ಕ್ಲಾಸು ಅದರ ಪಕ್ಕದಲ್ಲೇ ಇದ್ದದ್ದರಿಂದ ಅವಳ ಪಾಠವೂ, ಊಟದ ಹೊತ್ತಿನಲ್ಲಿ ಅವಳ ಕಥೆಯೂ ನನ್ನ ಕಿವಿಗೆ ಬೀಳುತ್ತಿದ್ದವು.

ಅವಳ ಊರು ತ್ಯಾಮಗೊಂಡ್ಲು ಹತ್ತಿರ. ಅಪ್ಪ ಚಿಕ್ಕವೆಂಕಟಪ್ಪನವರಿಗೆ ಸ್ವಲ್ಪ ತೆಂಗಿನ ತೋಟ, ಜೊತೆಗೆ ಎಳನೀರಿನ ವ್ಯಾಪಾರ. ಮಗಳಿಗೆ ಉಗ್ಗು ಎಂದು ಗೊತ್ತಾದಾಗ ಊರಿಗೆ ಊರೇ ವೈದ್ಯಕ್ಕೆ ನಿಂತಿತು. ಬಜೆ ತೇಯ್ದು ನಾಲಿಗೆಗೆ ಸವರಿದರು. ದೇವಸ್ಥಾನದ ಗಂಟೆ ತೊಳೆದ ನೀರು ಕುಡಿಸಿದರು. ಬಾಯಲ್ಲಿ ಗೋಲಿ ಇಟ್ಟುಕೊಂಡು ಮಾತಾಡಿದರೆ ಸರಿಹೋಗುತ್ತದೆ ಎಂದು ಯಾರೋ ಅಂದದ್ದಕ್ಕೆ ಒಂದು ಗೋಲಿಯನ್ನು ನುಂಗಿದ್ದೂ ಆಯಿತು. “ಗೋಲಿ ಆಚೆ ಬಂತು ಮಿಸ್, ಉಗ್ಗು ಬರ್ಲಿಲ್ಲ” ಎಂದು ಕವಿತ ನಗುತ್ತಿದ್ದಳು.

ಪಿಯುಸಿ ಮುಗಿದ ಬೇಸಿಗೆಯಲ್ಲಿ ಗಂಡಿನ ಕಡೆಯವರು ನೋಡಲು ಬಂದರು. ತಾಯಿ ಅನುಸೂಯಮ್ಮ “ಬಾಯಿ ಬಿಡ್ಬೇಡ, ತಲೆ ಆಡ್ಸು ಸಾಕು” ಎಂದು ಕಟ್ಟಪ್ಪಣೆ ಮಾಡಿ, ಕಾಫಿ ತಟ್ಟೆ ಕೈಗಿಟ್ಟು ಕಳಿಸಿದರು. ಹುಡುಗನ ತಾಯಿಗೆ ಬಲು ಮೆಚ್ಚುಗೆಯಾಯಿತು. “ಹುಡ್ಗಿ ಮಾತು ಕಮ್ಮಿ. ನಮ್ಗೆ ಇಂಥೋಳೇ ಬೇಕಿತ್ತು” ಅಂದರು. ಕವಿತಳಿಗೆ ಮೈ ಉರಿಯಿತು. ತಟ್ಟೆಯನ್ನು ಕೆಳಗಿಟ್ಟು, ಎಲ್ಲರ ಎದುರಿಗೇ “ಬ... ಬ... ಬ...” ಎಂದು ಶುರು ಮಾಡಿದಳು. ತಾಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಹುಡುಗ ತನ್ನ ವಾಚು ನೋಡಿಕೊಂಡ. ಅಪ್ಪ ಒಬ್ಬರೇ ಮಗಳ ಮುಖವನ್ನೇ ನೋಡುತ್ತಾ ಕಾದರು. ಕೊನೆಗೆ “ಬೇಡ” ಅನ್ನುವುದು ಹೊರಗೆ ಬಂತು. ಬಂದವರು ಎದ್ದು ಹೋದರು, ಕವಿತ ಆ ವರ್ಷವೇ ಮೈಸೂರಿಗೆ ಹೋಗಿ ಮಾತಿನ ಚಿಕಿತ್ಸೆಯ ಓದಿಗೆ ಸೇರಿಕೊಂಡಳು. ಅಲ್ಲಿ ಉಗ್ಗು ಕಡಿಮೆಯಾಯಿತು, ಹೋಗಲಿಲ್ಲ. ನಾಚಿಕೆ ಮಾತ್ರ ಪೂರ್ತಿ ಹೋಯಿತು.

ನನ್ನ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಭೂಮಿಕ ಕೂರುತ್ತಿದ್ದಳು. ಹುಟ್ಟುವಾಗ ಉಸಿರು ಸಿಕ್ಕಿಕೊಂಡ ಮಗು. ನಡೆಯುತ್ತಾಳೆ, ನಗುತ್ತಾಳೆ, ಬಲಗೈ ಸ್ವಲ್ಪ ನಡುಗುತ್ತದೆ. ಆದರೆ ನಾಲಿಗೆ, ತುಟಿ ಅವಳ ಹಿಡಿತಕ್ಕೆ ಬರಲಿಲ್ಲ. ಬಾಯಿಂದ “ಆ”, “ಊ” ಬಿಟ್ಟು ಬೇರೆ ಮಾತಿಲ್ಲ. ಆದ್ದರಿಂದ ಸುತ್ತಲಿನವರೆಲ್ಲ ಅವಳ ಪರವಾಗಿ ಮಾತಾಡಿಬಿಡುತ್ತಿದ್ದರು. ಅವಳಿಗೆ ಹಸಿವು, ಅವಳಿಗೆ ನಿದ್ದೆ, ಅವಳಿಗೆ ಸೆಕೆ. ಹಸಿವಿಲ್ಲದಿದ್ದರೂ ಉಣ್ಣುತ್ತಿದ್ದಳು, ಚಳಿಯಾದರೂ ಫ್ಯಾನಿನ ಕೆಳಗೆ ಕೂರುತ್ತಿದ್ದಳು.

ಕವಿತ ಅವಳ ಮುಂದೆ ಚಾಪೆ ಹಾಸಿ ಕೂತು ಒಂದು ಪ್ರಶ್ನೆ ಕೇಳುತ್ತಿದ್ದಳು. ಆಮೇಲೆ ಕೈ ಎರಡನ್ನೂ ತೊಡೆಯ ಮೇಲಿಟ್ಟು ಕಾಯುತ್ತಿದ್ದಳು. ಆ ಕಾಯುವುದನ್ನು ನೋಡುವುದೇ ಒಂದು ಹಿಂಸೆ. ಬಾಗಿಲಲ್ಲಿ ನಿಂತ ನನಗೆ ಉತ್ತರ ನಾನೇ ಹೇಳಿಬಿಡೋಣ ಅನಿಸುತ್ತಿತ್ತು. ಬಾಯಿ ತೆರೆದರೆ ಕವಿತ ಬೆನ್ನು ತಿರುಗಿಸದೆಯೇ ಅಂಗೈ ಎತ್ತಿಬಿಡುತ್ತಿದ್ದಳು.

ಪರೀಕ್ಷೆಗೆ ಬರೆಯುವ ಪ್ಯಾಡ್ ಒಂದನ್ನು ತಂದು, ಅದರ ಮೇಲೆ ಕಿತ್ತು ಅಂಟಿಸಬಹುದಾದ ಪಟ್ಟಿ ಹಚ್ಚಿ, ಚಿಕ್ಕ ಚಿಕ್ಕ ಚಿತ್ರಗಳನ್ನು ಕೂರಿಸಿದಳು. ನೀರು, ಊಟ, ಅಮ್ಮ, ಅಜ್ಜಿ, ಹಸು, ನೋವು, ಆಟ, ಸಾಕು, ಇದೆ, ಖಾಲಿ, ತುಂಬಿದೆ, ಹೌದು. ಪ್ರತಿ ಚಿತ್ರದ ಕೆಳಗೂ ದಪ್ಪ ಅಕ್ಷರದಲ್ಲಿ ಅದರ ಹೆಸರು. ಭೂಮಿಕ ಬೆರಳಿಟ್ಟು ತೋರಿಸಿದರೆ ಅದೇ ಅವಳ ಮಾತು. “ಪಟ ಕೊಟ್ಬಿಟ್ರೆ ಮಗು ಬಾಯೇ ಬಿಡಲ್ಲ ಕಣಮ್ಮ” ಎಂದು ಬೈರಣ್ಣನವರು ಅಂದಾಗ ಕವಿತ, “ಊರುಗೋಲು ಕೊಟ್ರೆ ಯಾರ ಕಾಲೂ ಮುರಿಯಲ್ಲ ಸಾರ್” ಅಂದಳು. ಪ್ಯಾಡಿನ ನಟ್ಟನಡುವೆ ಅವಳು ಅಂಟಿಸಿದ್ದು ಒಂದು ಕೆಂಪು ಅಂಗೈ. ಅದರ ಕೆಳಗೆ ‘ಬೇಡ’ ಎಂದು ಬರೆದಿದ್ದಳು.

ರಾದ್ಧಾಂತವಾಗಿದ್ದು ಆ ಅಂಗೈಗೇ.

ಭೂಮಿಕಳ ಅಜ್ಜಿ ಅಮ್ಮಯಮ್ಮ ಊರಿನಲ್ಲಿ ‘ಒಳ್ಳೇ ನಾಲಿಗೆ’ಯವರು ಎಂದು ಹೆಸರಾದವರು. ಮದುವೆಯ ಶಾಸ್ತ್ರಕ್ಕೆ, ತೊಟ್ಟಿಲು ಹಾಕುವುದಕ್ಕೆ ಮೊದಲು ಅವರನ್ನೇ ಕರೆಯುತ್ತಾರೆ. ಅವರ ಮನೆಯಲ್ಲಿ ಕೆಟ್ಟ ಮಾತು ಅನ್ನುವುದು ಹೊಸ್ತಿಲು ದಾಟುವಂತಿಲ್ಲ. ದೀಪ ಆರಿಸು ಅನ್ನುವುದಿಲ್ಲ, ದೊಡ್ಡದು ಮಾಡು ಅನ್ನುತ್ತಾರೆ. ಬಳೆ ಒಡೆಯುವುದಿಲ್ಲ, ಹೆಚ್ಚುತ್ತದೆ. ಹೊರಟವರು ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು. ಇಂಥ ಮನೆಯಲ್ಲಿ ನಲವತ್ತು ವರ್ಷದಿಂದ ಯಾರೂ ನೆಟ್ಟಗೆ ‘ಇಲ್ಲ’, ‘ಬೇಡ’ ಅಂದದ್ದನ್ನು ತಾವು ಕೇಳಿಲ್ಲ ಎಂದು ನೆರೆಮನೆಯವರೇ ಹೇಳುತ್ತಿದ್ದರು.

ಪ್ಯಾಡು ಮನೆಗೆ ಹೋದ ಮರುದಿನವೇ ಅಮ್ಮಯಮ್ಮ ಅದನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ನಾನು ಗುರುವಾರ ಬನ್ನಿ ಎಂದು ಕೈ ತೊಳೆದುಕೊಂಡೆ. ಗುರುವಾರ ಬಂದರು.

“ಏನಮ್ಮಾ ಇದು? ಬಾಯೇ ಬಿಡ್ದಿರೋ ಮಗಾ, ಮೊದ್ಲು ಕಲಿಯೋ ಮಾತೇ ಇದಾ? ಅಮ್ಮ ಅನ್ಸು, ಸ್ವಾಮಿ ಅನ್ಸು. ಇದನ್ ಕಿತ್ತಾಕು.”

“ಕೀಳಲ್ಲ ಅಜ್ಜಿ,” ಅಂದಳು ಕವಿತ.

“ಹೆಣ್ಮಗು ಕಣಮ್ಮ. ಒಂದ್ ದಪ ಬ್ಯಾ... ಆ ಮಾತು ಅನ್ನೋದ್ ಕಲ್ತ್ರೆ ನಾಳೆ ಎಲ್ಲದಕ್ಕೂ ಅದನ್ನೇ ಅಂತಾಳೆ.”

“ಅನ್ಲಿ. ಅವ್ಳಿಗೆ ಏನ್ ಬೇಕು ಅನ್ನೋದನ್ನ ನೀವೆಲ್ಲಾ ಊಹೆ ಮಾಡ್ತೀರ. ಏನ್ ಬ-ಬ-ಬೇಡ ಅನ್ನೋದನ್ನ ಯಾರೂ ಊಹೆ ಮಾಡಲ್ಲ. ಅದನ್ನ ಅವಳೇ ಹೇಳ್ಬೇಕು.”

ಅಮ್ಮಯಮ್ಮ ಮಾತು ಬೆಳೆಸಲಿಲ್ಲ. ಅಲ್ಲೇ ಕೂತು, ಉಗುರಿನಿಂದ ಕೆಂಪು ಅಂಗೈಯನ್ನು ಎಬ್ಬಿಸಿ ಕಿತ್ತು, ಪ್ಯಾಡನ್ನು ಮೊಮ್ಮಗಳ ಕೈಗೆ ಕೊಟ್ಟು ಹೊರಟುಹೋದರು. ಕವಿತ ಚೀಲದಿಂದ ಇನ್ನೊಂದು ಕೆಂಪು ಅಂಗೈ ತೆಗೆದು ಅದೇ ಜಾಗದಲ್ಲಿ ಅಂಟಿಸಿದಳು.

ಅಲ್ಲಿಂದ ಶುರುವಾಯಿತು ನೋಡಿ. ಗುರುವಾರ ಇವಳು ಅಂಟಿಸುವುದು, ಶುಕ್ರವಾರದ ಹೊತ್ತಿಗೆ ಅವರು ಕೀಳುವುದು. ಇಬ್ಬರೂ ಒಬ್ಬರನ್ನೊಬ್ಬರು ಬೈಯಲಿಲ್ಲ, ಇಬ್ಬರೂ ಸೋಲಲಿಲ್ಲ. ನನಗಂತೂ ಇದೊಂದು ತಮಾಷೆಯಾಗಿತ್ತು, ಗುರುವಾರ ಬಂತೆಂದರೆ ಮೊದಲು ಪ್ಯಾಡಿನ ನಡುಭಾಗ ನೋಡುತ್ತಿದ್ದೆ. ತಮಾಷೆಯ ನಡುವೆ ಭೂಮಿಕ ಮಾತ್ರ ಕಲಿಯುತ್ತಿದ್ದಳು. ಅಂಗೈ ಇದ್ದ ಒಂದು ದಿನ, ಬಿಸಿಯೂಟದಲ್ಲಿ ಎರಡನೇ ಸಲ ಅನ್ನ ಹಾಕಲು ಬಂದಾಗ ಅವಳ ಕೈ ನಡುಗುತ್ತಾ ಹೋಗಿ ಆ ಕೆಂಪಿನ ಮೇಲೆ ಕೂತಿತು. ಅನ್ನದ ಸೌಟು ಹಿಂದಕ್ಕೆ ಹೋಯಿತು. ಆ ಮಗು ಹಿಂದೆ ಹೋಗುತ್ತಿರುವ ಸೌಟನ್ನೇ ನೋಡಿ ಜೋರಾಗಿ ನಕ್ಕುಬಿಟ್ಟಿತು. ತಾನು ಅಂದದ್ದಕ್ಕೆ ಲೋಕ ನಿಂತಿದ್ದು ಅವಳ ಪಾಲಿಗೆ ಅದೇ ಮೊದಲು.

ಆ ಹೊತ್ತಿಗೆ ತಾಲ್ಲೂಕಿನಲ್ಲಿ ಒಂದು ತಪಾಸಣಾ ಶಿಬಿರ ನಡೆಯಿತು. ಅಲ್ಲಿ ಭೂಮಿಕಳ ಮುಂದೆ ಖಾಲಿ ಲೋಟ ಇಟ್ಟು, ಅವಳದೇ ಪ್ಯಾಡು ತೋರಿಸಿ, ಇದರಲ್ಲಿ ಹಾಲು ಇದೆಯಾ, ಖಾಲಿಯಾ, ತುಂಬಿದೆಯಾ ಎಂದು ಕೇಳಿದರು. ಭೂಮಿಕ ‘ತುಂಬಿದೆ’ಯ ಮೇಲೆ ಬೆರಳಿಟ್ಟಳು. ಮತ್ತೆ ಕೇಳಿದರು. ಮತ್ತೆ ‘ತುಂಬಿದೆ’. ಇಂಥವೇ ಇನ್ನೂ ಕೆಲವು ಕೇಳಿ, ಮಗುವಿಗೆ ಸರಳವಾದ ಮಾತೂ ಅರ್ಥವಾಗುವುದಿಲ್ಲ ಎಂದು ತೀರ್ಮಾನ ಮಾಡಿದರು. ಶಿಬಿರದವರನ್ನು ಬೈದು ಪ್ರಯೋಜನವಿಲ್ಲ. ಕವಿತ ಕೇಳಿದಾಗಲೂ ಭೂಮಿಕ ಖಾಲಿ ಲೋಟಕ್ಕೆ ‘ತುಂಬಿದೆ’ ಎಂದೇ ತೋರಿಸುತ್ತಿದ್ದಳು. “ಎಲ್ಲಾ ತಿಳಿಯುತ್ತೆ ಇವ್ಳಿಗೆ, ಇದೊಂದ್ ಯಾಕೆ ಹಿಂಗೆ?” ಎಂದು ಅವಳೂ ತಲೆ ಕೆಡಿಸಿಕೊಂಡಿದ್ದಳು.

ಆ ತೀರ್ಮಾನ ಕೈಗೆ ಸಿಕ್ಕಿದ್ದು ಭೂಮಿಕಳ ಚಿಕ್ಕಪ್ಪ ಭಾನುಪ್ರಕಾಶನಿಗೆ. ಅವನು ಅಮ್ಮಯಮ್ಮನ ಕಿರಿಯ ಮಗ, ಹೊಸಕೋಟೆಯಲ್ಲಿ ಸೈಟಿನ ವ್ಯವಹಾರ. ಮನೆಯ ದೊಡ್ಡ ತೀರ್ಮಾನಗಳೆಲ್ಲ ಅವನದೇ. ಭೂಮಿಕಳ ಅಪ್ಪ ಕೆಂಪರಾಜ್ ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸ ಮಾಡಿ ಬಂದು ಮಲಗುವ ಮನುಷ್ಯ, ತಮ್ಮ ಹೇಳಿದ್ದಕ್ಕೆ ತಲೆ ಆಡಿಸುತ್ತಿದ್ದ. ಮಾತು ಅರ್ಥವಾಗದ ಮಗುವಿಗೆ ಈ ಶಾಲೆಯಲ್ಲಿ ಏನು ಕೆಲಸ, ಬೆಂಗಳೂರಿನ ಆಚೆ ಒಂದು ಹಾಸ್ಟೆಲ್ ಇದೆ, ಅಲ್ಲೇ ಇದ್ದುಕೊಂಡು ಬೆಳೆಯಲಿ, ಹಬ್ಬಕ್ಕೆ ಕರೆದುಕೊಂಡು ಬಂದರಾಯಿತು ಎಂದು ಭಾನುಪ್ರಕಾಶ ನಿರ್ಧರಿಸಿದ. ಅವನು ಕೆಟ್ಟವನಲ್ಲ. ಭೂಮಿಕಳ ಕಾಲಿನ ಬೆಳ್ಳಿ ಗೆಜ್ಜೆ ಅವನೇ ಕೊಡಿಸಿದ್ದು. ಕೆಟ್ಟವರ ಜೊತೆ ಜಗಳ ಆಡುವುದು ಸುಲಭ, ಒಳ್ಳೆಯದು ಮಾಡಲು ಟೊಂಕ ಕಟ್ಟಿದವರ ಜೊತೆ ಕಷ್ಟ.

ಇದು ತಿಳಿದು ಕವಿತ ಅಮ್ಮಯಮ್ಮನ ಮನೆಗೆ ಹೊರಟಳು, ನಾನೂ ಜೊತೆಗೆ ಹೋದೆ. ಕೊಟ್ಟಿಗೆಯಲ್ಲಿ ಭೂಮಿಕ ಕರುವಿನ ಕತ್ತು ಕೆರೆಯುತ್ತಾ ಕೂತಿದ್ದಳು. ಅಡುಗೆಮನೆಯಲ್ಲಿ ಅವಳ ತಾಯಿ ದಿವ್ಯ ನಮಗೆ ಕಾಫಿಗೆ ಇಟ್ಟಳು. ಡಬ್ಬಿಯ ಮುಚ್ಚಳ ತೆಗೆದು, ಬೋರಲು ಹಾಕಿ, ತಳ ತಟ್ಟಿದಳು. ಒಂದು ಹರಳೂ ಬೀಳಲಿಲ್ಲ.

“ಸಕ್ರೆ ತುಂಬೈತೇನೇ ದಿವ್ಯ?” ಎಂದು ಅಮ್ಮಯಮ್ಮ ಕೂತಲ್ಲಿಂದಲೇ ಕೇಳಿದರು. “ಬೆಲ್ಲನಾದ್ರೂ ಹಾಕು.”

“ಹೂಂ ಅತ್ತೆ, ತುಂಬೈತೆ,” ಅಂದಳು ದಿವ್ಯ, ಖಾಲಿ ಡಬ್ಬಿ ಹಿಡಿದುಕೊಂಡು.

ಕವಿತ ಎದ್ದು ನಿಂತಳು. ಆ ಡಬ್ಬಿಯನ್ನು ದಿವ್ಯಳ ಕೈಯಿಂದ ಇಸಿದುಕೊಂಡು ಒಳಗೆ ಇಣುಕಿದಳು. “ತ-ತ-ತುಂಬೈತಾ ಇದು?” ಅಂದಳು. ಆಮೇಲೆ ನಗು ಬಂತೋ ಅಳು ಬಂತೋ, ನೆಲದ ಮೇಲೆ ಕುಕ್ಕರಿಸಿಬಿಟ್ಟಳು.

“ಮಿಸ್, ನಮ್ಮಮ್ಮಾನೂ ಹಿಂಗೇ ಅಂತಾಳೆ. ಅಕ್ಕಿ ಮುಗುದ್ರೆ ತುಂಬೈತೆ ಅಂತಾಳೆ. ನಾನು ಇದೇ ಮಾತಲ್ಲಿ ಬೆಳ್ದಿದೀನಿ. ಓದ್ಬಿಟ್ಟು ಮರ್ತೋದೆ ನೋಡಿ. ಆ ಮಗೂಗೆ ಅರ್ಥ ಆಗಲ್ಲ ಅಂದ್ವಲ್ಲಾ, ಆ ಮಗು ಅಜ್ಜಿ ಮಾತನ್ನ ಅಕ್ಷರಕ್ಕಕ್ಷರ ಕಲ್ತಿದಾಳೆ.”

ನನಗೂ ಆಗಲೇ ಹೊಳೆದದ್ದು. ಖಾಲಿ ಲೋಟ ಕಂಡರೆ ಅವರ ಮನೆಯಲ್ಲಿ ಹಾಗೆಯೇ ಅನ್ನಬೇಕು. ಭೂಮಿಕ ತಪ್ಪು ಉತ್ತರ ಕೊಟ್ಟಿರಲಿಲ್ಲ, ಒಳ್ಳೆಯ ಮನೆಯ ಹುಡುಗಿಯ ಹಾಗೆ ಉತ್ತರ ಕೊಟ್ಟಿದ್ದಳು. ಅಮ್ಮಯಮ್ಮನಿಗೆ ನಾವು ಯಾಕೆ ಹೀಗೆ ಆಡುತ್ತಿದ್ದೇವೆ ಎಂದು ತಿಳಿಯಲಿಲ್ಲ, ಮೊದಲು ಶಿಬಿರದವರನ್ನು ಒಪ್ಪಿಸೋಣ ಎಂದು ಕವಿತಳೂ ಬಿಡಿಸಿ ಹೇಳಲಿಲ್ಲ. ಬೆಲ್ಲದ ಕಾಫಿ ಕುಡಿದು ಹೊರಡುವಾಗ ಕವಿತ “ಹೋಗ್ತೀನಿ ಅಜ್ಜಿ” ಅಂದಳು.

“ಬರ್ತೀನಿ ಅನ್ನಮ್ಮ.”

“ನಂಗೆ ‘ಬ’ ಕಷ್ಟ ಅಜ್ಜಿ.”

“ಕಷ್ಟ ಆದ್ರೂ ಅನ್ನು. ಕಾಯ್ತೀನಿ,” ಎಂದು ಅಮ್ಮಯಮ್ಮ ಹೊಸ್ತಿಲ ಮೇಲೆ ಕೈಯಿಟ್ಟು ನಿಂತರು. ಕವಿತಳ ತುಟಿ ಬಿಗಿದು, ಬಿಟ್ಟು, ಮತ್ತೆ ಬಿಗಿದು ಕೊನೆಗೆ “ಬರ್ತೀನಿ” ಬರುವವರೆಗೂ ಅವರು ನಿಂತೇ ಇದ್ದರು, ನಡುವೆ ಒಂದಕ್ಷರ ಬಾಯಿ ಹಾಕಲಿಲ್ಲ. ಸ್ಕೂಟರ್ ಏರಿದ ಮೇಲೆ ಕವಿತ, “ಮುದುಕಿಗೆ ಕಾಯೋಕ್ ಬರುತ್ತೆ ಮಿಸ್. ಅದೊಂದಿದ್ರೆ ಸಾಕು,” ಅಂದಳು.

ಮತ್ತೊಮ್ಮೆ ಪರೀಕ್ಷಿಸಿ ಎಂದು ಅವಳು ಶಿಬಿರದವರನ್ನು ಕೇಳಿದಳು. ಮುಂದಿನ ಶಿಬಿರದಲ್ಲಿ ನೋಡೋಣ ಎಂದರು. ಮುಂದಿನ ಶಿಬಿರ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಭಾನುಪ್ರಕಾಶನಿಗೆ ಮಾತ್ರ ತನ್ನ ದಿನ ಗೊತ್ತಿತ್ತು.

ಮುಂದಿನ ಗುರುವಾರ ಭೂಮಿಕ ಶಾಲೆಗೆ ಬರಲಿಲ್ಲ. ಮಧ್ಯಾಹ್ನ ದಿವ್ಯ ಏದುಸಿರು ಬಿಡುತ್ತಾ ಅಕ್ಕಿಕೋಣೆಯ ಬಾಗಿಲಿಗೆ ಬಂದಳು. “ಮಿಸ್, ಭಾನು ಕಾರ್ ತಂದವ್ನೆ. ಮಗೂ ಬಟ್ಟೆ ಕಟ್ಟು ಅಂತಾವ್ನೆ.”

“ನೀವೇನಂದ್ರಿ?” ಎಂದು ಕವಿತ ಕೇಳಿದಳು.

“ನಾನೇನನ್ಲಿ ಮಿಸ್? ಆ ಮನೇಲಿ ನಾನ್ಯಾವತ್ತು ಏನಂದಿದೀನಿ?”

ಬೈರಣ್ಣನವರಿಗೆ ಒಂದು ಮಾತು ಹೇಳಿ ನಾನೂ ಹೊರಟೆ. ಅಲ್ಲಿ ಬಾಗಿಲ ಮುಂದೆ ಕಾರು ನಿಂತಿತ್ತು. ಜಗುಲಿಯ ಮೇಲೆ ಬಟ್ಟೆಯ ಬ್ಯಾಗು. ನಡುಮನೆಯಲ್ಲಿ ಭೂಮಿಕ ಹೊಸ ಫ್ರಾಕು ತೊಟ್ಟು, ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೆಂಪರಾಜ್ ಗೋಡೆಗೊರಗಿ ನೆಲ ನೋಡುತ್ತಿದ್ದ. ಅಮ್ಮಯಮ್ಮ ಅಡುಗೆಮನೆಯ ಬಾಗಿಲಲ್ಲಿ ಎಲೆಯಡಿಕೆ ಚೀಲ ಹಿಡಿದು ಕೂತಿದ್ದರು, ಬಾಯಿಗೆ ಎಲೆ ಹಾಕಿಕೊಂಡಿರಲಿಲ್ಲ.

“ಬನ್ನಿ ಮೇಡಂ,” ಎಂದು ಭಾನುಪ್ರಕಾಶ ಮರ್ಯಾದೆಯಾಗಿಯೇ ಕರೆದ. “ಒಳ್ಳೇ ಟೈಮಿಗೆ ಬಂದ್ರಿ. ಆಶೀರ್ವಾದ ಮಾಡಿ ಕಳ್ಸಿಕೊಡಿ.”

“ಅವ್ಳನ್ನ ಕ-ಕ-ಕ...”

“ಕಳ್ಸಬಾರ್ದಾ?” ಎಂದು ಭಾನುಪ್ರಕಾಶ ಪದ ಎತ್ತಿಕೊಟ್ಟ.

ಕವಿತ ಅಂಗೈ ಎತ್ತಿದಳು. “ಕೇಳಿದ್ರಾ ಅಂದೆ. ಅವ್ಳನ್ನ ಕೇಳಿದ್ರಾ?”

ಭಾನುಪ್ರಕಾಶ ನಕ್ಕ. “ಮಾತೇ ಬರ್ದಿರೋ ಮಗೂನ ಏನ್ ಕೇಳೋದು ಮೇಡಂ? ಬೇಜಾರ್ ಮಾಡ್ಕೋಬೇಡಿ, ಮೊದ್ಲು ನೀವ್ ನೆಟ್ಟಗೆ ಮಾತಾಡೋದ್ ಕಲೀರಿ.”

ನಾನು ಬಾಯಿ ತೆರೆಯುವಷ್ಟರಲ್ಲಿ ಕವಿತ ಅವನ ಎದುರಿಗೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು.

“ಉಗ್ಗು ನನ್ದು, ಕಾಯೋದು ನಿಮ್ದು. ಕ-ಕಾರಿಗೇನೂ ಅವಸರ ಇಲ್ವಲ್ಲ, ಕೂತ್ಕೊಳ್ಳಿ.” ಆಮೇಲೆ ಅಮ್ಮಯಮ್ಮನ ಕಡೆ ತಿರುಗಿ ಕೇಳಿದಳು, “ಅಜ್ಜಿ, ಡಬ್ಬೀಲಿ ಸಕ್ರೆ ಎಲ್ಲಾ ಮುಗುದೋದ್ರೆ ಏನಂತೀರಾ?”

“ಇದೇನ್ ಕೇಳ್ತೀಯಮ್ಮ? ತುಂಬೈತೆ ಅಂತೀವಿ.”

“ಭೂಮಿಕ ಶಿಬಿರದಲ್ಲಿ ಖಾಲಿ ಲೋಟ ನೋಡಿ ಅದೇ ಅಂದ್ಲು. ಅದಕ್ಕೇ ಅವ್ಳಿಗೆ ಏನೂ ಅರ್ಥ ಆಗಲ್ಲ ಅಂದ್ರು.”

ಮೊದಲು ತಲೆ ಎತ್ತಿದವನು ಕೆಂಪರಾಜ್. “ಅಯ್ಯೋ ನನ್ ಕಂದ,” ಅಂದ. “ನಾವೇ ಅಲ್ವಾ ಅಂಗನ್ನೋದು? ನಮ್ಮನ್ನ ನೋಡ್ಕಂಡೇ ಕಲ್ತವ್ಳೆ.”

ಭಾನುಪ್ರಕಾಶನ ಮುಖ ಸ್ವಲ್ಪ ಸಡಿಲವಾಯಿತು, ಆದರೂ ಹಿಡಿದ ಹಟ ಬಿಡಲಿಲ್ಲ. “ಇರ್ಬೋದು ಕಣಣ್ಣ. ಆದ್ರೂ ಇದು ದೊಡ್ಡೋರ್ ತೀರ್ಮಾನ ಮಾಡೋ ವಿಷ್ಯ.”

“ಒಂದ್ಸಲ ಕೇಳೋಣ,” ಅಂದಳು ಕವಿತ. ಅವನ ಫೋನಿನಲ್ಲೇ ಇದ್ದ ಹಾಸ್ಟೆಲಿನ ಫೋಟೋ ತೆಗೆಸಿದಳು. ದೊಡ್ಡ ಕಟ್ಟಡ, ಸಾಲು ಮಂಚ. ಅದನ್ನು ಭೂಮಿಕಳಿಗೆ ನಿಧಾನವಾಗಿ ತೋರಿಸಿ, ಇಲ್ಲಿ ಮಲಗುತ್ತೀಯ, ಇಲ್ಲೇ ಊಟ, ಅಮ್ಮ ಅಜ್ಜಿ ಕರು ಇಲ್ಲಿರುವುದಿಲ್ಲ, ಹಬ್ಬಕ್ಕೆ ಬರುತ್ತೀಯ ಎಂದು ಒಂದೂ ಮುಚ್ಚಿಡದೆ ಹೇಳಿದಳು. “ಹೋಗ್ತೀಯಾ?” ಎಂದು ಕೇಳಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು.

ಭೂಮಿಕ ಫೋಟೋ ನೋಡಿದಳು. ಅಮ್ಮನನ್ನು ನೋಡಿದಳು. ಅವಳ ಬಲಗೈ ಎದ್ದು ಗಾಳಿಯಲ್ಲಿ ತೂಗಾಡಿತು. ಕೆಂಪರಾಜ್ ಹಿಡಿದುಕೊಳ್ಳಲು ಮುಂದಾದಾಗ ಕವಿತ ತಡೆದಳು. ಆ ಕೈ ‘ಹೌದು’ ದಾಟಿ, ‘ಸಾಕು’ ದಾಟಿ, ಪ್ಯಾಡಿನ ನಡುವೆ ಬಂದು ಕೂತಿತು. ಅಲ್ಲಿ ಏನೂ ಇರಲಿಲ್ಲ. ಕಿತ್ತ ಜಾಗದಲ್ಲಿ ಬರೀ ಅಂಟುಪಟ್ಟಿ ಇತ್ತು. ಭೂಮಿಕ ಅದನ್ನೇ ಒತ್ತಿದಳು. ಕೈ ತೆಗೆದು ಮತ್ತೆ ಅಲ್ಲೇ ಒತ್ತಿದಳು.

“ನೋಡಿ,” ಅಂದ ಭಾನುಪ್ರಕಾಶ, ಸ್ವಲ್ಪ ನೊಂದವನ ಹಾಗೆ. “ಏನೂ ಇಲ್ದಿರೋ ಕಡೆ ಕೈ ಇಡ್ತಾಳೆ. ಇನ್ನೇನ್ ಕೇಳ್ತೀರಾ?”

ಕವಿತಳ ಚೀಲದಲ್ಲಿ ಹೊಸ ಅಂಗೈ ಇತ್ತು, ನನಗೆ ಗೊತ್ತಿತ್ತು. ಅವಳು ಅದನ್ನು ತೆಗೆಯಲಿಲ್ಲ. ಅಮ್ಮಯಮ್ಮನ ಕಡೆ ತಿರುಗಿ ಸುಮ್ಮನೆ ಕೂತಳು. ಅವತ್ತು ಅವಳು ಕಾದದ್ದು ಅಮ್ಮಯಮ್ಮನಿಗಾಗಿ.

ಅಮ್ಮಯಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದರು. “ಅಲ್ಲೇನೂ ಇಲ್ದೇ ಇಲ್ಲ ಕಣೋ ಭಾನು,” ಅಂದರು. “ಅಲ್ಲಿದ್ದಿದ್ದನ್ನ ನಾನೇ ಕಿತ್ತಿದೀನಿ.” ಎಲೆಯಡಿಕೆ ಚೀಲದ ದಾರ ಸಡಿಲಿಸಿ ಒಳಗೆ ಕೈ ಹಾಕಿದರು. ಹೊರಗೆ ಬಂದದ್ದು ಕೆಂಪು ಅಂಗೈಗಳು, ಇಷ್ಟು ವಾರ ಕಿತ್ತವೆಲ್ಲ, ಸುಣ್ಣ ಮೆತ್ತಿಕೊಂಡು, ಅಡಿಕೆ ಚೂರು ಅಂಟಿಕೊಂಡು. ಅಕ್ಷರ ಬರೆದದ್ದನ್ನು ಅವರು ತಿಪ್ಪೆಗೆ ಎಸೆಯುವವರಲ್ಲ. ಒಂದನ್ನು ಸೆರಗಿನಲ್ಲಿ ಒರೆಸಿ ಮೊಮ್ಮಗಳ ಕೈಗೆ ಕೊಟ್ಟರು.

ಭೂಮಿಕ ಅದನ್ನು ಅಂಟಿಸಲು ಬಹಳ ಹೊತ್ತು ತೆಗೆದುಕೊಂಡಳು. ಒಮ್ಮೆ ಜಾರಿತು, ಒಮ್ಮೆ ತಲೆಕೆಳಗಾಯಿತು. ಮನೆಯಲ್ಲಿದ್ದ ಯಾರೂ ಕೈ ಹಾಕಲಿಲ್ಲ. ಕೊನೆಗೆ ಅಂಟಿತು. ಅದರ ಮೇಲೆ ತನ್ನ ಅಂಗೈಯನ್ನು ಇಟ್ಟು ಅವಳು ಚಿಕ್ಕಪ್ಪನ ಮುಖ ನೋಡಿದಳು.

“ಬ್ಯಾಡ,” ಅಂದರು ಅಮ್ಮಯಮ್ಮ. ನಡುಮನೆಯಲ್ಲಿ, ದೇವರ ಪಟಗಳ ಎದುರಿಗೆ, ಜೋರಾಗಿ. “ಬ್ಯಾಡ ಅಂತಾವ್ಳೆ ನನ್ ಮೊಮ್ಮಗ್ಳು. ಕೇಳಿಸ್ತೇನೋ?”

“ನಂಗೂ ಬೇಡ ಭಾನು,” ಎಂದು ಬಾಗಿಲ ಹತ್ತಿರದಿಂದ ದಿವ್ಯ ಅಂದಳು. ಅಂದವಳೇ ಜಗುಲಿಯ ಮೇಲಿದ್ದ ಬ್ಯಾಗನ್ನು ಎತ್ತಿಕೊಂಡು ಒಳಗೆ ಇಟ್ಟು ಬಂದಳು.

ಭಾನುಪ್ರಕಾಶ ಅಣ್ಣನ ಕಡೆ ನೋಡಿದ. ಕೆಂಪರಾಜ್ ತಲೆ ಆಡಿಸಿದ, ಈ ಸಲ ಅಡ್ಡಡ್ಡ.

“ಸರಿ,” ಅಂದ ಭಾನುಪ್ರಕಾಶ. “ನಾಳೆ ನೀವ್ಯಾರೂ ಇಲ್ದಾಗ ಏನ್ಮಾಡ್ತಾಳೆ? ನಾನ್ ಅದನ್ನೇ ಅಲ್ವಾ ಯೋಚ್ನೆ ಮಾಡಿದ್ದು? ಅಮ್ಮ ಇಲ್ದಾಗ, ಅಣ್ಣ ಅತ್ತಿಗೆ ಇಲ್ದಾಗ?”

ಆ ಪ್ರಶ್ನೆ ಸುಳ್ಳಲ್ಲ. ಕವಿತ ಬಾಯಿ ತೆರೆದಳು. “ನ... ನ... ನ...” ಎಂದು ಮಾತು ಸಿಕ್ಕಿಕೊಂಡಿತು, ಅವಳನ್ನು ನಾನು ಕಂಡ ದಿನದಿಂದ ಅಷ್ಟು ಗಟ್ಟಿಯಾಗಿ ಸಿಕ್ಕಿಕೊಂಡದ್ದು ನೋಡಿರಲಿಲ್ಲ. ಭಾನುಪ್ರಕಾಶ ಈ ಸಲ ಪದ ಎತ್ತಿಕೊಡಲಿಲ್ಲ. ಕಾದ.

“ನಾವ್ಯಾರೂ ಇಲ್ದಾಗ ಅವ್ಳಿಗೆ ಬೇಕಾಗೋ ಮಾತೇ ಇದು,” ಅಂದಳು ಕವಿತ. “ಪಕ್ಕದಲ್ಲಿ ನಾವ್ ಇರೋವಾಗ್ಲೇ ಕಲೀಲಿ.”

ಅವನು ಕಾರಿನ ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಾ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿಕೊಂಡ. ಹೊಸ್ತಿಲ ಆಚೆ ನಿಂತು, ಭೂಮಿಕಳ ಕಡೆ ನೋಡಿ, ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅಂದುಕೊಂಡು ಬಂದ ಹಾಗೆ, “ಬರ್ತೀನಿ ಕಣಮ್ಮ” ಅಂದ.

ಭೂಮಿಕ ಕೆಂಪು ಅಂಗೈಯನ್ನು ಒತ್ತಿದಳು.

ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಭಾನುಪ್ರಕಾಶ ಒಂದು ಕ್ಷಣ ಬೆರಗಾಗಿ ನಿಂತ. ಆಮೇಲೆ ಅವನಿಗೂ ನಗು ಬಂತು, ಕಣ್ಣಲ್ಲಿ ನೀರೂ ಇತ್ತು.

“ಆಯ್ತು ತಾಯಿ,” ಅಂದ. “ಹೋಗ್ತೀನಿ.”

ಅಮ್ಮಯಮ್ಮ ಅವನನ್ನು ತಿದ್ದಲಿಲ್ಲ.